ಹಲವು ದನಿಗೆ ಯಾವ ಪಿಕಪ್?

ಗಣೇಶನ ಪೆಂಡಾಲಿನ ರಸಮಂಜರಿಯಲ್ಲಿ ಗಿಟಾರ್ ಹಿಡಿದು ಕೂತವರ ಕಷ್ಟ ಕೇಳುಗರಿಗೆ ಗೊತ್ತಾಗುವುದಿಲ್ಲ. ಮೊದಲ ಹಾಡಿಗೆ ತಿಳಿಯಾದ, ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುವ ದನಿ ಬೇಕು. ಮೂರನೆಯ ಹಾಡಿಗೆ ಹೀರೊ ಎಂಟ್ರಿಯ ಒರಟು ಡಿಸ್ಟಾರ್ಷನ್ ಬೇಕು. ನಡುವೆ ಯಾರೋ ಹಿರಿಯರು ಚೀಟಿ ಕಳಿಸಿ ಎಂಬತ್ತರ ದಶಕದ ಮೆಲೊಡಿ ಕೇಳುತ್ತಾರೆ. ಅದಕ್ಕೆ ಮೆತ್ತಗಿನ, ದುಂಡು ದನಿ ಆಗಬೇಕು. ವೇದಿಕೆಗೆ ತಂದಿರುವುದು ಮಾತ್ರ ಒಂದೇ ಗಿಟಾರ್. ಕಾಲೇಜು ಬ್ಯಾಂಡಿನವರಿಗೂ ಚರ್ಚಿನಲ್ಲಿ ನುಡಿಸುವವರಿಗೂ ಇದೇ ಪಾಡು. ಹಾಗಾಗಿ ಎಲ್ಲರೂ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ: ಎಲ್ಲದಕ್ಕೂ ಒಗ್ಗುವ ಪಿಕಪ್ ಯಾವುದು?

ಬಹಳಷ್ಟು ಕಡೆ ಸಿಗುವ ಉತ್ತರ, ‘ಹೈ ಔಟ್‌ಪುಟ್ ಹಾಕಿಸಿ, ಪವರ್ ಜಾಸ್ತಿ’ ಎಂದು. ಜಾಸ್ತಿ ಇದ್ದರೆ ಕಡಿಮೆ ಮಾಡಿಕೊಳ್ಳಬಹುದಲ್ಲ ಎನ್ನುವ ಲೆಕ್ಕ ಅದರ ಹಿಂದಿದೆ. ಕೇಳಲು ಸರಿ ಎನಿಸುವ ಈ ಲೆಕ್ಕ ಪಿಕಪ್ ವಿಷಯದಲ್ಲಿ ತಲೆಕೆಳಗು. ಬಗೆಬಗೆಯ ದನಿ ಬೇಕೆನ್ನುವವರು ಹದವಾಗಿ, ಅಂದರೆ ಕಡಿಮೆಯೇ ಎನ್ನುವಷ್ಟು ಸುತ್ತಿದ ಪಿಕಪ್ ಆರಿಸಬೇಕು ಎಂಬುದು ನನ್ನ ವಾದ. ಏಕೆ ಎಂದು ತಿಳಿಯಲು ಆ ಪುಟ್ಟ ಡಬ್ಬಿಯೊಳಗೆ ಏನು ನಡೆಯುತ್ತದೆ ಎಂದು ಸ್ವಲ್ಪ ನಿಧಾನವಾಗಿ ನೋಡಬೇಕು.

ಪಿಕಪ್ ಎಂದರೆ ಮೈಕ್ ಅಲ್ಲ. ಮೈಕ್ ಗಾಳಿಯ ಕಂಪನವನ್ನು ಹಿಡಿಯುತ್ತದೆ. ಪಿಕಪ್‌ಗೆ ಗಾಳಿಯ ಗೊಡವೆ ಇಲ್ಲ, ಅದು ಹಿಡಿಯುವುದು ಉಕ್ಕಿನ ತಂತಿಯ ಅಲುಗಾಟವನ್ನು. ಒಂದು ಅಯಸ್ಕಾಂತ, ಅದರ ಸುತ್ತ ತಾಮ್ರದ ಸಪೂರ ಎಳೆಯ ಸಾವಿರಾರು ಸುತ್ತು: ಒಳಗಿರುವುದು ಇಷ್ಟೇ. ಎಳೆಯ ದಪ್ಪ ಸಾಮಾನ್ಯವಾಗಿ 0.06 ಮಿಲಿಮೀಟರ್ ಆಸುಪಾಸು. ಅಯಸ್ಕಾಂತ ಮೇಲಿನ ಉಕ್ಕಿನ ತಂತಿಯನ್ನೂ ಕಾಂತಗೊಳಿಸುತ್ತದೆ. ತಂತಿ ಮಿಡಿದಾಗ ಸುರುಳಿಯೊಳಗಿನ ಕಾಂತಕ್ಷೇತ್ರ ಏರಿಳಿಯುತ್ತದೆ, ಆ ಏರಿಳಿತಕ್ಕೆ ಸರಿಯಾಗಿ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಮೈಕೇಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ ತತ್ತ್ವವೇ ಇದು. ನೈಲಾನ್ ತಂತಿಯ ಗಿಟಾರಿಗೆ ಈ ಬಗೆಯ ಪಿಕಪ್ ಹಾಕಿದರೆ ಸದ್ದೇ ಬರುವುದಿಲ್ಲ ಏಕೆಂದು ಈಗ ಹೇಳಬೇಕಾಗಿಲ್ಲ.

ಈ ತತ್ತ್ವವನ್ನು ಗಿಟಾರಿಗೆ ತಂದು ಮಾರುಕಟ್ಟೆಯಲ್ಲಿ ಗೆದ್ದವರಲ್ಲಿ ಮೊದಲಿಗ ಜಾರ್ಜ್ ಬೀಚಮ್. ಲಾಸ್ ಏಂಜಲೀಸ್‌ನಲ್ಲಿ 1931ರಲ್ಲಿ ಆತ ರೂಪಿಸಿದ, ಮುಂದೆ ರಿಕನ್‌ಬ್ಯಾಕರ್ ಹೆಸರಿನಲ್ಲಿ ಮಾರಾಟವಾದ ವಾದ್ಯ ತೊಡೆಯ ಮೇಲೆ ಮಲಗಿಸಿಕೊಂಡು ನುಡಿಸುವ ಹವಾಯಿಯನ್ ಗಿಟಾರ್. ನಮ್ಮಲ್ಲಿ ಸಿನಿಮಾ ಹಾಡುಗಳನ್ನು ಜಾರುಸ್ವರದಲ್ಲಿ ನುಡಿಸುತ್ತಿದ್ದರಲ್ಲ, ಅದೇ ಜಾತಿಯದು. ರಾಕ್ ಸಂಗೀತ ಹುಟ್ಟುವುದಕ್ಕೆ ಇನ್ನೂ ಇಪ್ಪತ್ತು ವರ್ಷಗಳಿದ್ದವು.

ಈಗ ಮುಖ್ಯ ಮಾತು. ಸುತ್ತು ಹೆಚ್ಚಿಸಿದಷ್ಟೂ ಹುಟ್ಟುವ ವಿದ್ಯುತ್ ಹೆಚ್ಚುತ್ತದೆ, ಸದ್ದು ಜೋರಾಗುತ್ತದೆ, ಆಂಪ್ ಬೇಗ ಒಡೆದು ಡಿಸ್ಟಾರ್ಷನ್ ಬರುತ್ತದೆ. ಜಾಹೀರಾತು ಇಲ್ಲಿಗೆ ನಿಲ್ಲುತ್ತದೆ. ಅದು ಹೇಳದ ಅರ್ಧ ಹೀಗಿದೆ: ಸುತ್ತು ಹೆಚ್ಚಾದಂತೆ ಸುರುಳಿಯ ಇಂಡಕ್ಟೆನ್ಸ್ ಎಂಬ ಗುಣವೂ ಏರುತ್ತದೆ. ಇದನ್ನು ಹೆನ್ರಿ ಎಂಬ ಮಾನದಲ್ಲಿ ಅಳೆಯುತ್ತಾರೆ. ಪಿಕಪ್‌ನಿಂದ ಆಂಪಿಗೆ ಹೋಗುವ ಕೇಬಲ್‌ಗೆ ತನ್ನದೇ ಕೆಪಾಸಿಟೆನ್ಸ್ ಇದೆ, ಮೀಟರಿಗೆ ಸುಮಾರು 100 ಪಿಕೋಫ್ಯಾರಡ್. ಇವೆರಡೂ ಕೂಡಿದಾಗ ಒಂದು ನಿರ್ದಿಷ್ಟ ಕಂಪನಾಂಕದ ಹತ್ತಿರದ ಸ್ವರಾಂಶಗಳು ಉಬ್ಬಿ ಕೇಳುತ್ತವೆ, ಅದಕ್ಕಿಂತ ಮೇಲಿನದೆಲ್ಲ ಕಡಿದಾಗಿ ಇಳಿದುಹೋಗುತ್ತದೆ. ಆ ಉಬ್ಬು ಎಲ್ಲಿ ಬೀಳುತ್ತದೆ ಎಂಬುದರಿಂದಲೇ ಒಂದು ಪಿಕಪ್ ‘ಬ್ರೈಟ್’, ಇನ್ನೊಂದು ‘ದಪ್ಪ’ ಎನಿಸಿಕೊಳ್ಳುತ್ತದೆ.

ಅಂಕಿಗಳಲ್ಲಿ ನೋಡೋಣ. ಫೆಂಡರ್ ಕಂಪನಿಯ ಸ್ಟ್ರ್ಯಾಟೊಕಾಸ್ಟರ್ ಗಿಟಾರಿನ ಹಳೆಯ ಮಾದರಿಯ ಪಿಕಪ್‌ನಲ್ಲಿ ಎಂಟು ಸಾವಿರದ ಆಸುಪಾಸು ಸುತ್ತು, ಇಂಡಕ್ಟೆನ್ಸ್ ಸುಮಾರು 2.4 ಹೆನ್ರಿ. ಐದು ಮೀಟರ್ ಕೇಬಲ್ ಸಿಕ್ಕಿಸಿದರೆ ಅದರ ಉಬ್ಬು 4,000 ಹರ್ಟ್ಸ್ ದಾಟಿ ಬೀಳುತ್ತದೆ. ಐವತ್ತರ ದಶಕದ ಮಾದರಿಯ ಗಿಬ್ಸನ್ ಹಂಬಕರ್ (ಎರಡು ಸುರುಳಿಯ ಪಿಕಪ್) ನಾಲ್ಕು, ನಾಲ್ಕೂವರೆ ಹೆನ್ರಿ, ಉಬ್ಬು 3,000ದ ಬಳಿ. ಬಿಗಿಯಾಗಿ ತುಂಬಿ ಸುತ್ತಿದ ಹೈ ಔಟ್‌ಪುಟ್ ಪಿಕಪ್ ಎಂಟು ಹೆನ್ರಿ ಮುಟ್ಟಿದರೆ ಉಬ್ಬು 2,200ರ ಸುಮಾರಿಗೆ ಇಳಿಯುತ್ತದೆ. ಗಿಟಾರಿನ ಅತಿ ಸಣ್ಣ ತಂತಿಯ 22ನೇ ಫ್ರೆಟ್ ಒತ್ತಿದರೂ ಮೂಲಸ್ವರ 1,175 ಹರ್ಟ್ಸ್ ಮಾತ್ರ. ಅಂದರೆ ಈ ಉಬ್ಬುಗಳು ಯಾವ ಸ್ವರವನ್ನೂ ನೇರವಾಗಿ ಮುಟ್ಟುವುದಿಲ್ಲ. ಸ್ವರದ ಜೊತೆ ಹುಟ್ಟುವ ಉಪಸ್ವರಗಳಲ್ಲಿ ಯಾವುದು ಉಳಿಯಬೇಕು, ಯಾವುದು ಅಳಿಯಬೇಕು ಎಂಬುದನ್ನು ತೀರ್ಮಾನಿಸುತ್ತವೆ. ನಮ್ಮ ಕಿವಿ ಅತ್ಯಂತ ಚುರುಕಾಗಿರುವುದೂ ಎರಡರಿಂದ ಐದು ಸಾವಿರ ಹರ್ಟ್ಸ್ ನಡುವೆಯೇ. ಹಾಗಾಗಿ ಇಲ್ಲಿ ಆಗುವ ಬದಲಾವಣೆ ಚಿಕ್ಕದಾದರೂ ತಕ್ಷಣ ತಿಳಿಯುತ್ತದೆ.

ಉಬ್ಬನ್ನು ಕೆಳಗೆ ತರುವುದು ಸುಲಭ. ಗಿಟಾರಿನ ಟೋನ್ ನಾಬ್ ಮಾಡುವುದು ಅದನ್ನೇ. ಕೇಬಲ್ ಉದ್ದ ಮಾಡಿದರೂ ಇಳಿಯುತ್ತದೆ. ಆದರೆ ಮೇಲಕ್ಕೆ ಏರಿಸುವ ನಾಬ್ ಇಲ್ಲ. ಎಂಟು ಹೆನ್ರಿಯ ಸುರುಳಿ ದಾಟಿ ಬಾರದ ಉಪಸ್ವರಗಳನ್ನು ಆಂಪಿನ ಟ್ರೆಬಲ್ ತಿರುಗಿಸಿ ಕರೆತರಲು ಹೋದರೆ ಅವುಗಳಿಗಿಂತ ಮೊದಲು ಬರುವುದು ಸುಯ್ ಎನ್ನುವ ಹಿಸ್. ದರ್ಜಿಯ ಅಂಗಡಿಯ ನ್ಯಾಯ ಇದು: ಉದ್ದದ ಬಟ್ಟೆಯನ್ನು ಕತ್ತರಿಸಬಹುದು, ಗಿಡ್ಡವಾದದ್ದನ್ನು ಎಳೆದು ಉದ್ದ ಮಾಡಲಾಗದು. ಜೋರು ಬೇಕೆಂದರೆ ಆಂಪ್ ಇದೆ, ಪೆಡಲ್ ಇದೆ. ಕಳೆದುಹೋದ ಬೆಳಕಿಗೆ ಏನೂ ಇಲ್ಲ.

ಇಲ್ಲಿ ಒಂದು ಅಡ್ಡ ಮಾತು. ಪಿಕಪ್ ಮಾರುವವರು ದೊಡ್ಡದಾಗಿ ಬರೆಯುವುದು ಹೆನ್ರಿಯನ್ನಲ್ಲ, ಓಮ್ ಸಂಖ್ಯೆಯನ್ನು: 8 ಕಿಲೊ ಓಮ್, 16 ಕಿಲೊ ಓಮ್ ಎಂದು. ಓದಿದವರು 16 ಎಂದರೆ 8ರ ಎರಡರಷ್ಟು ಶಕ್ತಿ ಎಂದುಕೊಳ್ಳುತ್ತಾರೆ. ಓಮ್ ಎನ್ನುವುದು ತಾಮ್ರದ ಎಳೆಯ ಪ್ರತಿರೋಧ ಅಷ್ಟೇ. ಅಷ್ಟೇ ಸುತ್ತನ್ನು ಇನ್ನೂ ಸಪೂರ ಎಳೆಯಲ್ಲಿ ಸುತ್ತಿದರೆ ಸದ್ದು ಹೆಚ್ಚದೆ ಓಮ್ ಮಾತ್ರ ಜಿಗಿಯುತ್ತದೆ. ಒಂದೇ ಎಳೆ, ಒಂದೇ ಅಚ್ಚಿನ ಎರಡು ಪಿಕಪ್‌ಗಳನ್ನು ಹೋಲಿಸಲು ಈ ಅಂಕಿ ಪ್ರಯೋಜನಕ್ಕೆ ಬರುತ್ತದೆ. ಬೇರೆ ಬೇರೆ ಕಂಪನಿಯವನ್ನು ಅದರಿಂದ ತೂಗುವುದು ದಾರಿ ತಪ್ಪಿಸುವ ಕೆಲಸ.

ಇನ್ನು ಹಂಬಕರ್. ಪೆಂಡಾಲಿನಲ್ಲಿ ಸೀರಿಯಲ್ ಸೆಟ್ಟು, ಲೈಟಿನ ಡಿಮ್ಮರ್, ಹಿಂದೆಯೇ ಜನರೇಟರ್. ಈ ಎಲ್ಲದರಿಂದ ಹೊರಡುವ 50 ಹರ್ಟ್ಸ್ ಮತ್ತು ಅದರ ಗುಣಕಗಳ ಗುಂಯ್‌ಗುಡುವಿಕೆಯನ್ನು ಒಂಟಿ ಸುರುಳಿಯ ಪಿಕಪ್, ಅಂದರೆ ಸಿಂಗಲ್ ಕಾಯಿಲ್, ಆಂಟೆನಾದ ಹಾಗೆ ಹೀರಿಕೊಳ್ಳುತ್ತದೆ. ಡಿಸ್ಟಾರ್ಷನ್ ಒತ್ತಿದರಂತೂ ಹಾಡಿಗಿಂತ ಗುಂಯ್‌ಕಾರವೇ ಮುಂದು. ಇದಕ್ಕೆ ಮದ್ದು ಹುಡುಕಿದವರು ಮಿಶಿಗನ್‌ನ ಕಲಮಜೂ ಊರಿನ ಗಿಬ್ಸನ್ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಸೆತ್ ಲವರ್. 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು, 1959ರಲ್ಲಿ ಅದು ಸಿಕ್ಕಿತು.

ಅವರ ಉಪಾಯ ಅಚ್ಚುಕಟ್ಟಾದದ್ದು. ಪಕ್ಕಪಕ್ಕ ಎರಡು ಸುರುಳಿ ಇಡಿ. ಎರಡನೆಯದನ್ನು ಉಲ್ಟಾ ಜೋಡಿಸಿ. ಆಗ ಹೊರಗಿನ ಗುಂಯ್‌ಕಾರ ಒಂದರಲ್ಲಿ ಏರುವಾಗ ಇನ್ನೊಂದರಲ್ಲಿ ಇಳಿಯುತ್ತದೆ, ಕೂಡಿಸಿದರೆ ಸೊನ್ನೆ. ಆದರೆ ಹಾಗೆ ಮಾಡಿದರೆ ತಂತಿಯ ಸ್ವರವೂ ಸೊನ್ನೆಯಾಗಬೇಕಲ್ಲ? ಆಗಬಾರದೆಂದು ಎರಡನೆಯ ಸುರುಳಿಯ ಅಯಸ್ಕಾಂತದ ಧ್ರುವವನ್ನೂ ತಿರುಗಿಸಿದರು. ಸ್ವರ ಅಯಸ್ಕಾಂತದಿಂದ ಹುಟ್ಟುವುದು. ಧ್ರುವ ಬದಲಾದಾಗ ಒಮ್ಮೆ, ಸುರುಳಿ ಬದಲಾದಾಗ ಇನ್ನೊಮ್ಮೆ ಉಲ್ಟಾ ಆಗಿ ಮತ್ತೆ ನೆಟ್ಟಗಾಯಿತು. ಗುಂಯ್‌ಕಾರಕ್ಕೆ ಅಯಸ್ಕಾಂತದ ಹಂಗಿಲ್ಲ, ಅದು ಒಮ್ಮೆ ಮಾತ್ರ ಉಲ್ಟಾ ಆಗಿ ಅಳಿಸಿಹೋಯಿತು. ಲವರ್ ಬಯಸಿದ್ದು ಸದ್ದಿಲ್ಲದ ಪಿಕಪ್. ದನಿ ದಪ್ಪಗಾದದ್ದು ಎರಡು ಸುರುಳಿ ಸಾಲಾಗಿ ಕೂಡಿದ್ದರ ಅಡ್ಡ ಪರಿಣಾಮ. ಮುಂದೆ ಜಗತ್ತು ಮೆಚ್ಚಿದ್ದು ಆ ಅಡ್ಡ ಪರಿಣಾಮವನ್ನೇ.

1957ರಿಂದ ಗಿಟಾರುಗಳಲ್ಲಿ ಬಂದ ಈ ಪಿಕಪ್‌ಗಳ ಬೆನ್ನಿಗೆ ‘ಪೇಟೆಂಟ್‌ಗೆ ಅರ್ಜಿ ಹಾಕಿದೆ’ ಎಂಬ ಅರ್ಥದ ಚೀಟಿ ಅಂಟಿಸಿರುತ್ತಿದ್ದರು. ಆ ಇಂಗ್ಲಿಷ್ ಪದಗಳ ಮೊದಲಕ್ಷರ ಹಿಡಿದು ಇವತ್ತಿಗೂ ಇವನ್ನು ಪಿಎಎಫ್ ಎನ್ನುತ್ತಾರೆ. (ಪೇಟೆಂಟ್ ಸಿಕ್ಕ ಮೇಲೆ ಅಂಟಿಸಿದ ಚೀಟಿಯಲ್ಲಿ ಗಿಬ್ಸನ್ ಮುದ್ರಿಸಿದ್ದು ಲೆಸ್ ಪಾಲ್ ಅವರ ತಂತಿಹಿಡಿಯ ಪೇಟೆಂಟ್ ಸಂಖ್ಯೆಯನ್ನು!) ಮೂಲ ಪಿಎಎಫ್‌ಗೆ ಈಗ ಬಂಗಾರದ ಬೆಲೆ. ಆದರೆ ಆಗಿನ ಸುತ್ತುವ ಯಂತ್ರಗಳು ಲೆಕ್ಕ ಮುಗಿದ ಕೂಡಲೇ ತಾವಾಗಿ ನಿಲ್ಲುತ್ತಿರಲಿಲ್ಲ. ಒಂದು ಸುರುಳಿಗೆ ಐದು ಸಾವಿರದ ಸುಮಾರು ಸುತ್ತು, ಒಂದಿಷ್ಟು ಹೆಚ್ಚುಕಮ್ಮಿ. ಅಯಸ್ಕಾಂತವೂ ಕೈಗೆ ಸಿಕ್ಕ ದರ್ಜೆಯ ಆಲ್ನಿಕೊ, ಅಂದರೆ ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಬೆರೆತ ಕಬ್ಬಿಣ. ಒಂದು ಪಿಎಎಫ್ ಇನ್ನೊಂದರ ಹಾಗಿಲ್ಲ. ಹೀಗಿರುವಾಗ ‘ಅಸಲಿ ಪಿಎಎಫ್ ದನಿ’ ಎಂದು ಯಾರಾದರೂ ಎರಡರಷ್ಟು ಬೆಲೆ ಹೇಳಿದರೆ ಯಾವ ಪಿಎಎಫ್ ಎಂದು ಕೇಳುವ ಹಕ್ಕು ನಮಗಿದೆ.

ಹಾಗಾದರೆ ಹೈ ಔಟ್‌ಪುಟ್ ಪಿಕಪ್ ಎಲ್ಲಿಂದ ಬಂತು? ಎಪ್ಪತ್ತರ ದಶಕದ ಆರಂಭದ ಆಂಪ್‌ಗಳಲ್ಲಿ ಇವತ್ತಿನಷ್ಟು ಗೇನ್ ಇರಲಿಲ್ಲ. ವಾಲ್ವ್ ಆಂಪ್ ಒಡೆಯಬೇಕಾದರೆ ಮುಂಬಾಗಿಲಲ್ಲೇ ಜೋರಾಗಿ ತಳ್ಳಬೇಕಿತ್ತು. ನ್ಯೂಯಾರ್ಕಿನ ಲ್ಯಾರಿ ಡಿಮಾರ್ಜಿಯೊ ತಂದ ‘ಸೂಪರ್ ಡಿಸ್ಟಾರ್ಷನ್’ ಪಿಕಪ್ ಅದಕ್ಕೆಂದೇ ಹುಟ್ಟಿದ್ದು: ಸೆರಾಮಿಕ್ ಅಯಸ್ಕಾಂತ, ಹೆಚ್ಚು ಸುತ್ತು. ಕಾರ್ಖಾನೆಯ ಪಿಕಪ್ ಕಿತ್ತು ಬೇರೆಯದು ಹಾಕಿಸುವ ವ್ಯಾಪಾರ ಬೆಳೆದದ್ದೂ ಅಲ್ಲಿಂದಲೇ. ಆ ಕಾಲಕ್ಕೆ ಅದು ಸರಿಯಾದ ಮದ್ದು. ಇವತ್ತು ಸಣ್ಣ ಪೆಡಲಿನಲ್ಲೂ ಮೊಬೈಲ್ ಆ್ಯಪ್‌ನಲ್ಲೂ ಬೇಕಾದ್ದಕ್ಕಿಂತ ಹೆಚ್ಚು ಗೇನ್ ಇದೆ. ಕಾಯಿಲೆ ಹೋದರೂ ಮದ್ದು ಕುಡಿಯುವುದು ನಿಂತಿಲ್ಲ.

ಪಿಕಪ್ ಯಾವುದು ಎನ್ನುವಷ್ಟೇ ಮುಖ್ಯವಾದದ್ದು ಅದು ಎಲ್ಲಿ ಕೂತಿದೆ ಎಂಬುದು. ತಂತಿ ನಡುವಿನಲ್ಲಿ ಅಗಲವಾಗಿ, ಬ್ರಿಡ್ಜ್ ಬಳಿ ಚಿಕ್ಕದಾಗಿ ಅಲುಗುತ್ತದೆ. ನೆಕ್ ಕಡೆಯ ಪಿಕಪ್ ಸಾಮಾನ್ಯವಾಗಿ ತಂತಿಯ ಉದ್ದದ ಕಾಲುಭಾಗದ ಹತ್ತಿರ ಇರುವುದರಿಂದ ಮೂಲಸ್ವರವನ್ನು ತುಂಬಿಕೊಂಡು ದುಂಡಗೆ ಕೇಳುತ್ತದೆ. ಬ್ರಿಡ್ಜ್ ಕಡೆಯದಕ್ಕೆ ಮೂಲಸ್ವರ ಕಡಿಮೆ, ಉಪಸ್ವರಗಳ ಪಾಲು ಹೆಚ್ಚು, ಹಾಗಾಗಿ ಮೊನಚು. ಒಂದೇ ಪಿಕಪ್ ಅನ್ನು ಎರಡು ಜಾಗದಲ್ಲಿಟ್ಟರೆ ಎರಡು ವಾದ್ಯದಂತೆ ಕೇಳುವುದು ಇದರಿಂದ. ಪಿಕಪ್‌ಗೆ ಹಣ ಸುರಿದು ಮೂರು ಪಿಕಪ್ ಇರುವ ಗಿಟಾರಿನಲ್ಲಿ ಸದಾ ಬ್ರಿಡ್ಜ್ ಒಂದರಲ್ಲೇ ನುಡಿಸುವವರನ್ನು ಕಂಡಾಗ ನನಗೆ ಸ್ವಲ್ಪ ಕನಿಕರವಾಗುತ್ತದೆ.

ಸ್ವಿಚ್ಚಿನ ಕತೆಯೂ ಚೆನ್ನಾಗಿದೆ. 1954ರ ಸ್ಟ್ರ್ಯಾಟೊಕಾಸ್ಟರ್‌ನಲ್ಲಿ ಮೂರು ಪಿಕಪ್, ಮೂರೇ ಸ್ಥಾನದ ಸ್ವಿಚ್. ನುಡಿಸುವವರು ಸ್ವಿಚ್ಚನ್ನು ಎರಡು ಸ್ಥಾನಗಳ ನಡುವೆ ಅಡ್ಡಾದಿಡ್ಡಿಯಾಗಿ ನಿಲ್ಲಿಸಿ ಎರಡು ಪಿಕಪ್ ಒಟ್ಟಿಗೆ ಕೇಳಿಸುವುದನ್ನು ಕಂಡುಕೊಂಡರು. ಟೊಳ್ಳು ಟೊಳ್ಳಾದ, ಗಾಜಿನಷ್ಟು ತಿಳಿಯಾದ ಆ ದನಿ ಹಾಡಿನ ಹಿಂದೆ ಕಾರ್ಡ್ ಬಿಡಿಸಿ ನುಡಿಸಲು ಹೇಳಿ ಮಾಡಿಸಿದ್ದು. ಫೆಂಡರ್ ಕಂಪನಿ ಐದು ಸ್ಥಾನದ ಸ್ವಿಚ್ ಕೊಟ್ಟದ್ದು 1977ರಲ್ಲಿ. ಇಂಗ್ಲೆಂಡಿನ ಬ್ರಯಾನ್ ಮೇ ಅಪ್ಪನ ಜೊತೆ ಮನೆಯಲ್ಲೇ ಗಿಟಾರ್ ಕಟ್ಟಲು ಕೂತಾಗ, 1963ರಲ್ಲಿ, ಮೂರು ಸಿಂಗಲ್ ಕಾಯಿಲ್‌ಗಳಲ್ಲಿ ಒಂದೊಂದಕ್ಕೂ ಬೇರೆ ಸ್ವಿಚ್, ಉಲ್ಟಾ ಮಾಡಲು ಇನ್ನೊಂದು ಸ್ವಿಚ್ ಎಂದು ಯೋಚಿಸಿದರು. ಕ್ವೀನ್ ಬ್ಯಾಂಡಿನ ಅಷ್ಟೂ ಬಗೆಯ ದನಿಗಳಲ್ಲಿ ಬಹುಪಾಲು ಆ ಒಂದೇ ಗಿಟಾರಿನವು. ಇನ್ನು ಲೆಡ್ ಜೆಪೆಲಿನ್‌ನ ಜಿಮ್ಮಿ ಪೇಜ್. ಹಂಬಕರ್ ಇರುವ ಲೆಸ್ ಪಾಲ್ ಗಿಟಾರಿನೊಂದಿಗೇ ಅವರ ಚಿತ್ರ ನಮ್ಮ ಕಣ್ಣಿಗೆ ಬರುವುದು. ಆದರೆ 1969ರಲ್ಲಿ ಬಂದ ಮೊದಲ ಆಲ್ಬಮ್‌ನಲ್ಲಿ ಬಹುಮಟ್ಟಿಗೆ ನುಡಿಸಿದ್ದು ಟೆಲಿಕಾಸ್ಟರ್, ಅಂದರೆ ಸಿಂಗಲ್ ಕಾಯಿಲ್. ಭಾರದ ರಾಕ್‌ಗೆ ಹಂಬಕರೇ ಆಗಬೇಕು ಎನ್ನುವವರು ಅದನ್ನೊಮ್ಮೆ ಕೇಳಲಿ.

ಎಪ್ಪತ್ತರ ದಶಕದ ನಡುವೆ ಎಡ್ಡಿ ವ್ಯಾನ್ ಹೇಲನ್ ಸ್ಟ್ರ್ಯಾಟೊಕಾಸ್ಟರ್ ಆಕಾರದ ಮರಕ್ಕೆ ಗಿಬ್ಸನ್ ಗಿಟಾರಿನಿಂದ ಕಿತ್ತ ಹಂಬಕರ್ ಕೂರಿಸಿ, ಒಂದೇ ವಾಲ್ಯೂಮ್ ನಾಬ್ ಇಟ್ಟುಕೊಂಡರು. ಆ ಮೇಲೆ ಕಾರ್ಖಾನೆಗಳೇ ಬ್ರಿಡ್ಜ್ ಬಳಿ ಹಂಬಕರ್, ನಡುವೆ ಮತ್ತು ನೆಕ್ ಬಳಿ ಸಿಂಗಲ್ ಕಾಯಿಲ್ ಇಟ್ಟು ಗಿಟಾರ್ ಮಾಡತೊಡಗಿದವು. ಇದಕ್ಕೆ ಎಚ್‌ಎಸ್‌ಎಸ್ ಎನ್ನುತ್ತಾರೆ. ಹಲವು ದನಿ ಬೇಕೆಂದವರಿಗೆ ನಾನು ಮೊದಲು ಹೇಳುವುದು ಇದನ್ನೇ. ನಡುವಿನ ಪಿಕಪ್ ಉಲ್ಟಾ ಸುತ್ತಿ, ಉಲ್ಟಾ ಧ್ರುವದ್ದಾಗಿದ್ದರೆ ನೆಕ್ ಜೊತೆ ಸೇರಿದಾಗ ಅದೂ ಹಂಬಕರಿನಂತೆ ಗುಂಯ್‌ಕಾರ ಅಳಿಸುತ್ತದೆ. ಕೊಳ್ಳುವಾಗ ಕೇಳಿ ತಿಳಿದುಕೊಳ್ಳಿ.

ಹಂಬಕರ್ ಒಂದರಿಂದಲೇ ಸಿಂಗಲ್ ಕಾಯಿಲ್ ದನಿ ಪಡೆಯಲು ‘ಕಾಯಿಲ್ ಸ್ಪ್ಲಿಟ್’ ಇದೆ: ಎರಡರಲ್ಲಿ ಒಂದು ಸುರುಳಿಯನ್ನು ಬಾಯಿ ಮುಚ್ಚಿಸುವುದು. ಜಾಹೀರಾತಿನ ಮಾತು ನಂಬಿದರೆ ಕ್ಷಣದಲ್ಲಿ ಸ್ಟ್ರ್ಯಾಟೊಕಾಸ್ಟರ್ ಕೈಗೆ ಬರುತ್ತದೆ. ವಾಸ್ತವದಲ್ಲಿ ಸದ್ದು ಕುಗ್ಗುತ್ತದೆ, ದನಿ ತೆಳುವಾಗುತ್ತದೆ, ಗುಂಯ್‌ಕಾರ ಮರಳುತ್ತದೆ. ಎರಡೂ ಸುರುಳಿಗಳನ್ನು ಸಾಲಾಗಿ ಜೋಡಿಸುವ ಬದಲು ಸಮಾಂತರವಾಗಿ, ಅಂದರೆ ಪ್ಯಾರಲಲ್ ಆಗಿ ಜೋಡಿಸುವ ಸ್ವಿಚ್ಚೇ ಮೇಲು ಎನ್ನುವುದು ನನ್ನ ಅಭಿಪ್ರಾಯ. ಇಂಡಕ್ಟೆನ್ಸ್ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ, ದನಿ ಬೆಳಗುತ್ತದೆ, ಗುಂಯ್‌ಕಾರ ಮಾತ್ರ ಅಳಿಸಿಯೇ ಇರುತ್ತದೆ. ಪೆಂಡಾಲಿನಲ್ಲಿ ನುಡಿಸುವವರಿಗೆ ಇದಕ್ಕಿಂತ ಬೇಕೆ? ಹಾಗೆ ನೋಡಿದರೆ ನನ್ನ ವಾದಕ್ಕೊಂದು ಅಪವಾದವೂ ಇಲ್ಲೇ ಇದೆ. ಮುಕ್ಕಾಲು ಪಾಲು ಮೆಟಲ್ ನುಡಿಸಿ, ಆಗಾಗ ಮಾತ್ರ ತಿಳಿದನಿ ಬೇಕೆನ್ನುವವರು ಎಂಟು ಹೆನ್ರಿಯ ಪಿಕಪ್ ಹಾಕಿಸಿ ಅದನ್ನು ಪ್ಯಾರಲಲ್ ಮಾಡಿಕೊಂಡರೆ ಎರಡು ಹೆನ್ರಿಗೆ ಇಳಿದು ಸ್ಟ್ರ್ಯಾಟೊಕಾಸ್ಟರ್ ಹತ್ತಿರ ಬರುತ್ತದೆ.

ಪಿ-90 ಬಗ್ಗೆ ಒಂದು ಮಾತು ಹೇಳದಿದ್ದರೆ ಅದರ ಅಭಿಮಾನಿಗಳು ಮುನಿಯುತ್ತಾರೆ. 1946ರಲ್ಲಿ ಗಿಬ್ಸನ್ ತಂದ ಈ ಅಗಲ ಸುರುಳಿಯ ಸಿಂಗಲ್ ಕಾಯಿಲ್ ಬೆರಳಿನ ಒತ್ತಡಕ್ಕೆ ಸ್ಪಂದಿಸುವ ಪರಿಯೇ ಬೇರೆ. ಮನೆಯಲ್ಲಿ, ಸ್ಟುಡಿಯೋದಲ್ಲಿ ಅದಕ್ಕೆ ಸಮನಿಲ್ಲ. ಆದರೆ ಗುಂಯ್‌ಕಾರ ಧಾರಾಳ. ಇಎಂಜಿಯಂಥ, 9 ವೋಲ್ಟ್ ಬ್ಯಾಟರಿ ಬೇಡುವ ಆ್ಯಕ್ಟಿವ್ ಪಿಕಪ್‌ಗಳಿಗೆ ಕೇಬಲ್ ಉದ್ದದ ಚಿಂತೆ ಇಲ್ಲ. 2014ರಿಂದ ಬಂದ ಫಿಶ್‌ಮನ್ ಫ್ಲುಯೆನ್ಸ್ ಒಂದೇ ಪಿಕಪ್‌ನಲ್ಲಿ ಎರಡು ಮೂರು ದನಿ ಕೊಡುತ್ತದೆ. ಬೆಲೆ ಮತ್ತು ಬ್ಯಾಟರಿ ಒಪ್ಪುವವರು ಕೊಳ್ಳಲಿ.

ಯಾವ ಪಿಕಪ್ ಇದ್ದರೂ ಮೊದಲು ಸರಿಮಾಡಬೇಕಾದದ್ದು ಅದರ ಎತ್ತರ. ಇದಕ್ಕೆ ಒಂದು ಸ್ಕ್ರೂಡ್ರೈವರ್ ಸಾಕು. ಕಡೆಯ ಫ್ರೆಟ್ ಒತ್ತಿ ಹಿಡಿದಾಗ ಸಿಂಗಲ್ ಕಾಯಿಲ್‌ನ ಅಯಸ್ಕಾಂತಕ್ಕೂ ತಂತಿಗೂ ಎರಡು, ಎರಡೂವರೆ ಮಿಲಿಮೀಟರ್ ಅಂತರವಿರಲಿ. ಜೋರು ಸಿಗಲೆಂದು ಇನ್ನೂ ಮೇಲೆತ್ತಿದರೆ ಅಯಸ್ಕಾಂತ ತಂತಿಯನ್ನೇ ಸೆಳೆಯುತ್ತದೆ, ಸ್ವರ ನಡುಗಿ ಶ್ರುತಿ ಕೆಡುತ್ತದೆ, ನಾದ ಬೇಗ ಆರುತ್ತದೆ. ರಾಗ ನುಡಿಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಯು. ಶ್ರೀನಿವಾಸ್ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದು, ಆರ್. ಪ್ರಸನ್ನ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಕರ್ನಾಟಕ ಸಂಗೀತ ನುಡಿಸಿ ತೋರಿಸಿದ್ದಾರೆ. ಮೀಟಿದ ಸ್ವರ ಗಮಕ ಮುಗಿಯುವವರೆಗೆ ಉಳಿಯಬೇಕು ಎಂಬುದೇ ಅಲ್ಲಿ ಮೊದಲ ಅಗತ್ಯ. ತಂತಿಗೆ ಅಂಟಿಕೊಂಡಷ್ಟು ಹತ್ತಿರ ಕೂತ ಬಲವಾದ ಅಯಸ್ಕಾಂತ ಅದಕ್ಕೆ ಶತ್ರು.

ಇಷ್ಟು ಹೇಳಿದ ಮೇಲೂ ‘ಒಂದೇ ಒಂದು ಹೆಸರು ಹೇಳಿ’ ಎಂದರೆ, ಬ್ರಿಡ್ಜ್‌ಗೆ ಪಿಎಎಫ್ ಮಾದರಿಯ, ನಾಲ್ಕು ಹೆನ್ರಿಯ ಆಸುಪಾಸಿನ, ಆಲ್ನಿಕೊ ಅಯಸ್ಕಾಂತದ ಹಂಬಕರ್. ಯಾವ ಕಂಪನಿಯದಾದರೂ ಸರಿ. ಗಿಟಾರಿನ ವಾಲ್ಯೂಮ್ ಹತ್ತರಲ್ಲಿಟ್ಟು ಪೆಡಲ್ ಒತ್ತಿದರೆ ಅದು ಗರ್ಜಿಸುತ್ತದೆ, ಆರಕ್ಕೆ ಇಳಿಸಿದರೆ ತಿಳಿಯಾಗುತ್ತದೆ, ಟೋನ್ ಇಳಿಸಿದರೆ ಮೆತ್ತಗಾಗುತ್ತದೆ. ಅಂಗಡಿಗೆ ಹೋಗುವ ಮುನ್ನ ಈಗಿರುವ ಪಿಕಪ್‌ನ ಎತ್ತರ ಸರಿಮಾಡಿ, ಎಲ್ಲ ಸ್ವಿಚ್ ಸ್ಥಾನಗಳಲ್ಲೂ ಒಂದು ವಾರ ನುಡಿಸಿ ನೋಡಿ. ಅನೇಕರಿಗೆ ಅಲ್ಲಿಗೇ ಕೆಲಸ ಮುಗಿಯುತ್ತದೆ. ಮುಗಿಯದಿದ್ದರೆ, ಎಷ್ಟು ಓಮ್ ಎನ್ನುವ ಬದಲು ಎಷ್ಟು ಹೆನ್ರಿ ಎಂದು ಕೇಳಿ. ಸಾಲು, ಪ್ಯಾರಲಲ್, ಸ್ಪ್ಲಿಟ್ ಯಾವುದನ್ನೇ ಮುಂದೆ ಮಾಡಿಸಬೇಕೆಂದರೂ ಎರಡೂ ಸುರುಳಿಗಳ ನಾಲ್ಕು ತುದಿಗಳು ಬೇರೆ ಬೇರೆಯಾಗಿ ಹೊರಬಂದಿರಬೇಕು. ಹಾಗಾಗಿ ನಾಲ್ಕೆಳೆಯ ವೈರ್ ಇಲ್ಲದ ಹಂಬಕರ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ.